ತೊಂಬತ್ತಾರು ಪುಟದ ನೋಟ್‌ಬುಕ್ಕು

ಕ್ಯೋಟೇರಾದ ಅಂಗಡಿಯಲ್ಲಿ ಕೊಂಡದ್ದು.
ನೀಲಿ ರಟ್ಟು, ಬೆನ್ನಿಗೆ ಮಗ್ಗಿ, ಹನ್ನೆರಡರ ತನಕ.
ಅಷ್ಟು ದೂರ ಎಣಿಸುವವಳೇ ಅಲ್ಲ ನಾನು ಆಗ.
ಒಂದು ಮಳೆಗಾಲ, ಹೆಚ್ಚೆಂದರೆ ಒಂದೂವರೆ.

ನರ್ಸ್ ತಿಯೊಪಿಸ್ತಾ ಅಂದಳು: ಬರೆದಿಡು.
ದೊಡ್ಡವಳಾಗಿ ಮಗಳು ಕೇಳುತ್ತಾಳೆ,
ಹೇಳುವುದಕ್ಕೆ ನೀನಿರುವುದಿಲ್ಲ.
ಬಾಳೆಗೊನೆಯ ರೇಟು ಹೇಳಿದ ಹಾಗೆ ಹೇಳಿದಳು.
ಅದಕ್ಕೇ ಅವಳು ನನಗೆ ಇಷ್ಟ.

ಬರೆದೆ.
ಕಿಜ್ಜಾ, ನಿನಗಿಂತ ಮುಂಚೆ ಅವಳಿಗಳಿದ್ದರು,
ಅವಳಿಗಳ ಬೆನ್ನಿಗೆ ಬಂದವರಿಗೆ ನಮ್ಮಲ್ಲಿ ಅದೇ ಹೆಸರು.
ನಿನ್ನ ಮೊದಲ ಹಲ್ಲು ಕೆಳಗೆ, ಬಲಕ್ಕೆ.
ಹಲಸು ತಿಂದರೆ ನಿನ್ನ ಮೈ ತುರಿಸುತ್ತದೆ.
ಅಪ್ಪನ ಕಡೆಯಿಂದ ನಿನ್ನದು ಮಿಡತೆಯ ಕುಲ,
ನವೆಂಬರಿನಲ್ಲಿ ಊರೆಲ್ಲ ಹುರಿದು ತಿನ್ನುವಾಗ
ನೀನು ಮುಟ್ಟಬೇಡ.
ಹೊಲಿಗೆ ಯಂತ್ರ ಚಿಕ್ಕಮ್ಮ ಇಮ್ಮಾಕುಲೇಟಳಿಗೆ.

ಹದಿನಾಲ್ಕನೇ ಪುಟದಲ್ಲಿ ಬರೆದೆ:
ನಿನ್ನಪ್ಪ ಲಾರಿ ಅಪಘಾತದಲ್ಲಿ ತೀರಿಕೊಂಡ.
ಕೈ ನಡುಗಲಿಲ್ಲ.
ಸತ್ತವರ ಸುಳ್ಳು ಬಲು ಗಟ್ಟಿ,
ಎಬ್ಬಿಸಿ ಕೇಳುವವರು ಯಾರು?

ಆಮೇಲೆ ನಾನು ಸಾಯಲಿಲ್ಲ.

ನಾಚಿಕೆಯಾಯಿತು ಸ್ವಲ್ಪ ದಿನ, ನಿಜ ಹೇಳಬೇಕೆಂದರೆ.
ಬೀಳ್ಕೊಂಡು, ಎಲ್ಲರನ್ನೂ ಅಳಿಸಿ,
ಮರೆತ ಕೊಡೆಗೆಂದು ಮತ್ತೆ ಬಾಗಿಲು ತಟ್ಟಿದವಳ ಹಾಗೆ.
ನನ್ನ ಸಾವಿನ ಊಟಕ್ಕೆಂದು ಎತ್ತಿಟ್ಟ ಮೇಕೆ
ಎರಡು ಸಲ ಈಯಿತು, ಮೂರನೆಯದಕ್ಕೆ ತಯಾರಾಯಿತು.
ಹೊದಿಸಲೆಂದು ತಂದಿಟ್ಟ ಮುತುಬ ಮರದ ನಾರುಬಟ್ಟೆಯನ್ನು
ಇಮ್ಮಾಕುಲೇಟಳಿಗೇ ಹೊದಿಸಿದೆವು,
ಅವಳಿಗೆ ಯಾವ ರೋಗವೂ ಇರಲಿಲ್ಲ.
ಯಂತ್ರ ಇನ್ನೂ ನನ್ನ ಬಳಿಯೇ ಇದೆ.

ಗುಳಿಗೆಗಳು ಬಂದವು. ದಿನಕ್ಕೆರಡು ಸಲ, ರೇಡಿಯೋ ವಾರ್ತೆಯ ಹೊತ್ತಿಗೆ.
ಟ್ಯಾಕ್ಸಿಯಲ್ಲಿ ಹದಿನಾಲ್ಕು ಜನರ ನಡುವೆ
ಡಬ್ಬಿ ಗಲಗಲ ಅನ್ನಬಾರದೆಂದು
ಒಳಗೆ ಹತ್ತಿ ತುರುಕುತ್ತಿದ್ದೆ.
ಊರ ಬಾಯಲ್ಲಿ ಅದರ ಹೆಸರು 'ಸ್ಲಿಮ್',
ನಾನೋ ದಪ್ಪಗಾಗುತ್ತಿದ್ದೆ, ರವಿಕೆ ಬಿಚ್ಚಿ ಬಿಚ್ಚಿ ಹೊಲಿಯುತ್ತಿದ್ದೆ.
ಒಂದು ಮಂಗಳವಾರ, ಯಾವ ಕಾರಣವೂ ಇಲ್ಲದೆ,
ಹತ್ತಿ ತೆಗೆದು ಕಿಟಕಿಯಾಚೆ ಎಸೆದೆ.
ಮಸಾಕದವರೆಗೂ ಗಲಗಲ.
ಪಕ್ಕದ ಮುದುಕ ಕೇಳಿದ, ಬೀಜವೇನಮ್ಮಾ?
ಹೌದು ಅಂದೆ.

ಕಿಜ್ಜಾಗೆ ಹದಿನಾರಾದಾಗ ಪುಟ ಹದಿನಾಲ್ಕು ತೆರೆದೆ.
ಹರಿಯಬಹುದಿತ್ತು. ಹರಿಯಲಿಲ್ಲ.
ಕೆಂಪು ಶಾಯಿಯ ಒಂದೇ ಗೆರೆ ಎಳೆದೆ,
ಸುಳ್ಳೂ ಓದಲು ಸಿಗುವಂತೆ.
ಕೆಳಗೆ:
ಲಾರಿ ಓಡಿಸುತ್ತಿದ್ದ, ಅಷ್ಟು ನಿಜ.
ಹೋದದ್ದು ನಮ್ಮ ಹಿಂದಿನ ಕೋಣೆಯಲ್ಲಿ, ನನ್ನ ತೊಡೆಯ ಮೇಲೆ.
ನಾಲ್ಕು ತಿಂಗಳು ಬೈದೆ,
ಬೈಯುತ್ತಲೇ ಮೈ ಒರೆಸಿದೆ.
ಯಾರಿಂದ ಯಾರಿಗೆ ಅನ್ನುವ ಲೆಕ್ಕ
ಹತ್ತು ವರ್ಷ ಮಾಡಿ ಬಿಟ್ಟೆ.
ಬಿಟ್ಟದ್ದು ಕ್ಷಮೆಯೋ ಸುಸ್ತೋ ನನಗೆ ತಿಳಿಯದು.

ಅವಳ ರಕ್ತದ ಚೀಟಿಯಲ್ಲಿ ಏನಿತ್ತೆಂದು
ನಾನಿಲ್ಲಿ ಬರೆಯುವುದಿಲ್ಲ.
ಅದು ಅವಳ ಪುಸ್ತಕ.

ಓದಿ, ಮೂರು ದಿನ ಮಾತಾಡಲಿಲ್ಲ.
ಅಡುಗೆ ಮಾಡಿದಳು, ತಟ್ಟೆ ದೂಡಿದಳು, ಮೇಕೆಗಳನ್ನು ಬೈದಳು.
ನಾಲ್ಕನೇ ರಾತ್ರಿ, ದೀಪದ ಸುತ್ತ ಮಿಡತೆ ಮುತ್ತಿದ್ದ ಹೊತ್ತು,
ಬಾಗಿಲಲ್ಲೇ ನಿಂತು ಕೇಳಿದಳು:
ಅಪ್ಪ ನಿಜವಾಗಿಯೂ ಇವನ್ನು ತಿನ್ನುತ್ತಿರಲಿಲ್ಲವಾ?

ತಿನ್ನುತ್ತಿದ್ದ, ಅಂದೆ.
ಲಾರಿಯಲ್ಲಿ, ಪೇಪರಿನಲ್ಲಿ ಸುತ್ತಿ,
ಈರುಳ್ಳಿ ಹಾಕಿ ಹುರಿದದ್ದು. ಕುಲಕ್ಕೆ ಗೊತ್ತಾಗದ ಹಾಗೆ.

ಮೂಗಿನಿಂದ ನಕ್ಕಳು, ಅವನ ಹಾಗೇ.
ಅದನ್ನೂ ಬರೆ, ಅಂದಳು.

ಆ ಪುಟದಲ್ಲಿ ಜಾಗವಿರಲಿಲ್ಲ.
ಪುಸ್ತಕ ತಿರುಗಿಸಿ, ಅಂಚಿನಲ್ಲಿ,
ಅಡ್ಡಡ್ಡಕ್ಕೆ ಬರೆದೆ.